ಎಡಕ್ಕೆ 10 ಇಂಚು, ಬಲಕ್ಕೆ 11

ಒಂದು ಕಾಗದದ ಲೋಟವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಅದು ನೇರವಾಗಿ ಉರುಳುವುದಿಲ್ಲ. ಬಿಲ್ಲಿನ ಹಾಗೆ ಬಾಗಿದ ದಾರಿ ಹಿಡಿದು ತಳದ ಕಡೆಗೆ ತಿರುಗುತ್ತದೆ. ಲೋಟದ ಬಾಯಿ ಅಗಲ, ತಳ ಕಿರಿದು. ಎರಡೂ ಒಟ್ಟಿಗೇ ಸುತ್ತಬೇಕು. ಒಂದು ಸುತ್ತಿಗೆ ಬಾಯಿ ಜಾಸ್ತಿ ದೂರ ಹೋಗುತ್ತದೆ, ತಳ ಹಿಂದೆ ಉಳಿಯುತ್ತದೆ. ಅಷ್ಟೇ ಕಾರಣ.

ಮನೆಯಲ್ಲೇ ಗೋ-ಕಾರ್ಟ್, ಅಂದರೆ ಎಂಜಿನ್ ಇರುವ ಪುಟ್ಟ ನಾಲ್ಕು ಚಕ್ರದ ಗಾಡಿ, ಕಟ್ಟುವವರೆಲ್ಲ ಮೊದಲು ಈ ಲೋಟ ಉರುಳಿಸಬೇಕು ಅಂತ ನನಗೆ ಬಹಳ ಆಸೆ. ಯಾಕೆಂದರೆ ಅಂಥ ಗಾಡಿಗೆ ಚಕ್ರಗಳು ಒಂದೇ ಕಡೆಯಿಂದ ಬರುವುದಿಲ್ಲ. ಒಂದು ಹಳೆ ಕೈಗಾಡಿಯದ್ದು, ಇನ್ನೊಂದು ಮಕ್ಕಳ ಸೈಕಲ್ಲಿನದ್ದು, ಮತ್ತೊಂದು ಎಲ್ಲಿಯದೋ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಮೊದಲ ಗೋ-ಕಾರ್ಟ್ ಕಟ್ಟಿದಾಗ ಅದಕ್ಕೆ ಕೂರಿಸಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನೇ. ಸೈಜು ಬೇರೆ ಇದ್ದರೆ ಇರಲಿ. ಎಲ್ಲಿ ಬೇರೆ ಇದೆ ಅನ್ನುವುದನ್ನು ಮಾತ್ರ ನೋಡಬೇಕು.

ಕಾರ್ಟ್‌ನ ಹಿಂದಿನ ಎರಡು ಚಕ್ರಗಳು ಸಾಮಾನ್ಯವಾಗಿ ಅಡ್ಡ ಕಂಬಿಯಾದ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ಕಾರಿನಲ್ಲಿರುವಂತೆ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ಈಗ ಎಡಕ್ಕೆ 10 ಇಂಚಿನ ಚಕ್ರ, ಬಲಕ್ಕೆ 11 ಇಂಚಿನದ್ದು ಹಾಕಿದಿರಿ ಅನ್ನಿ. ಒಂದು ಸುತ್ತಿಗೆ ಎಡದ್ದು 31.4 ಇಂಚು ಹೋಗುತ್ತದೆ, ಬಲದ್ದು 34.6 ಇಂಚು. ಅಲ್ಲಿಗೆ ಗಾಡಿ ಲೋಟ ಆಯಿತು. ಎರಡು ಚಕ್ರಗಳ ನಡುವೆ 30 ಇಂಚು ಅಂತರ ಇದ್ದರೆ, ಎಡ ಚಕ್ರ ಬರೀ 25 ಅಡಿ ತ್ರಿಜ್ಯದ ಸುತ್ತು ಹಾಕಲು ನೋಡುತ್ತದೆ. ನೀವು ಸ್ಟಿಯರಿಂಗ್ ನೇರ ಹಿಡಿದರೆ ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಜಗಳ. ಯಾವುದೋ ಒಂದು ಟೈರು ಉಜ್ಜಿಕೊಂಡೇ ಹೋಗಬೇಕು. ಟೈರು ಸವೆಯುತ್ತದೆ, ಎಂಜಿನ್ ಸುಮ್ನೆ ದಣಿಯುತ್ತದೆ.

ಇದೇ ಗುಣವನ್ನು ಬೇಕೆಂದೇ ಬಳಸುವವರೂ ಇದ್ದಾರೆ. ಬರೀ ಎಡಕ್ಕೇ ತಿರುಗುವ ಅಂಡಾಕಾರದ ರೇಸ್ ಟ್ರ್ಯಾಕ್‌ಗಳಲ್ಲಿ ಬಲ ಹಿಂಚಕ್ರವನ್ನು ಸ್ವಲ್ಪ ದೊಡ್ಡದು ಹಾಕುತ್ತಾರೆ. ಅದಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ರೈಲಿನ ಚಕ್ರಗಳೂ ಹೊರಗಡೆಗೆ ಸ್ವಲ್ಪ ಸಪೂರವಾಗಿರುತ್ತವೆ. ತಿರುವಿನಲ್ಲಿ ಗಾಲಿ ಜೋಡಿ ಪಕ್ಕಕ್ಕೆ ಸರಿದಾಗ ಹೊರ ಚಕ್ರ ದೊಡ್ಡ ಸುತ್ತಳತೆಯ ಮೇಲೆ, ಒಳ ಚಕ್ರ ಚಿಕ್ಕದರ ಮೇಲೆ ಉರುಳುತ್ತದೆ. ರೈಲು ತಾನಾಗೇ ತಿರುಗುತ್ತದೆ. ಎಷ್ಟು ಚೆಂದದ ಉಪಾಯ!

ನಿಮ್ಮ ಹತ್ತಿರ ಸಮ ಜೋಡಿ ಇಲ್ಲವೇ ಇಲ್ಲ ಅಂದರೆ, ಎಂಜಿನ್ನಿನ ಬಲವನ್ನು ಒಂದೇ ಹಿಂಚಕ್ರಕ್ಕೆ ಕೊಡಿ. ಇನ್ನೊಂದು ಬೇರಿಂಗ್ ಮೇಲೆ ತನ್ನಷ್ಟಕ್ಕೆ ತಿರುಗಲಿ. ಜಗಳ ಮುಗಿಯಿತು. ಆದರೆ ಆಕ್ಸಲ್‌ಗೆ ಬ್ರೇಕ್ ಹಾಕಿದ್ದರೆ ಅದು ಈಗ ಒಂದೇ ಚಕ್ರವನ್ನು ಹಿಡಿಯುತ್ತದೆ. ಬಿಡಿ ಚಕ್ರಕ್ಕೂ ಬ್ರೇಕ್ ಕೊಡದೆ ಓಡಿಸಬೇಡಿ.

ಮುಂದಿನ ಚಕ್ರಗಳು ಹೇಗೂ ಬೇರೆ ಬೇರೆ ತಿರುಗುತ್ತವೆ. ಅಲ್ಲಿ ಲೋಟದ ಕಾಟವಿಲ್ಲ. ಆದರೆ ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಹಾಗಾಗಿ ಮುಂದಿನ ಎರಡರ ಸೈಜು ಬೇರೆಯಾದರೆ ಒಂದು ಕಾಲು ಗಿಡ್ಡವಾದ ಮೇಜಿನಂತೆ ಫ್ರೇಮ್ ಅಲುಗುತ್ತದೆ.

ಹಿಂದೆ ದೊಡ್ಡದು, ಮುಂದೆ ಚಿಕ್ಕದು ಇರುವುದು ಮಾಮೂಲು. ಅದರಲ್ಲೂ ಎರಡು ಲೆಕ್ಕ ಬದಲಾಗುತ್ತವೆ. ಮೊದಲನೆಯದು ವೇಗ. ಎಂಜಿನ್ 3600 ಸುತ್ತು ತಿರುಗುತ್ತಿದೆ, ಸ್ಪ್ರಾಕೆಟ್‌ಗಳು (ಚೈನು ಕೂರುವ ಹಲ್ಲುಚಕ್ರಗಳು) ಎಂಜಿನ್ನಿಗೆ 10 ಹಲ್ಲಿನದು ಮತ್ತು ಆಕ್ಸಲ್ಲಿಗೆ 60 ಹಲ್ಲಿನದು. ಆಗ ಆಕ್ಸಲ್ ನಿಮಿಷಕ್ಕೆ 600 ಸುತ್ತು. 12 ಇಂಚಿನ ಚಕ್ರದಲ್ಲಿ ಗಂಟೆಗೆ ಸುಮಾರು 34 ಕಿಲೋಮೀಟರ್, 16 ಇಂಚಿನದ್ದು ಹಾಕಿದರೆ 46. ವೇಗ ಪುಕ್ಕಟೆ ಬರುವುದಿಲ್ಲ. ನೆಲವನ್ನು ತಳ್ಳುವ ಬಲ ಕಾಲು ಭಾಗ ಇಳಿಯುತ್ತದೆ, ಏರಿನಲ್ಲಿ ಕ್ಲಚ್ ಜಾರಿ ಬಿಸಿಯಾಗುತ್ತದೆ. ಎರಡನೆಯದು ಸ್ಟಿಯರಿಂಗ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದೆ ಅಲ್ವಾ? ಕಾರ್ಟ್‌ನ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವಾಗ ಆಧಾರವಾಗುವ ನಿಂತ ಕಂಬಿ) ಕೂಡ ಹಾಗೇ ವಾಲಿರಬೇಕು. ಚಕ್ರ ತಾನಾಗಿ ನೇರಕ್ಕೆ ಬರುವುದು ಆ ವಾಲಿನಿಂದ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 40 ಇಂಚು ಇರುವ ಗಾಡಿಯ ಹಿಂಭಾಗವನ್ನು ದೊಡ್ಡ ಚಕ್ರ 2 ಇಂಚು ಎತ್ತಿದರೆ ಸುಮಾರು 3 ಡಿಗ್ರಿ ವಾಲು ಕಳೆದುಹೋಗುತ್ತದೆ.

ಸೈಜಿಗಿಂತ ನನಗೆ ಹೆಚ್ಚು ಭಯ ಸೈಕಲ್ ಚಕ್ರದ್ದು. ನೋಡಲು ಗಟ್ಟಿಯಾಗಿಯೇ ಇರುತ್ತದೆ. ದೊಡ್ಡ ಆಳನ್ನು ಹೊರುತ್ತದೆ. ಆದರೆ ಸೈಕಲ್ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಬಲವೆಲ್ಲ ಚಕ್ರದ ನೇರಕ್ಕೇ ಬೀಳುತ್ತದೆ. ಕಾರ್ಟ್ ವಾಲುವುದಿಲ್ಲ. ತಳ್ಳುವ ಬಲವೆಲ್ಲ ಚಕ್ರಕ್ಕೆ ಪಕ್ಕದಿಂದ ಬೀಳುತ್ತದೆ. ಪಕ್ಕದ ಬಲ ತಡೆಯಲು ಆ ಕಡ್ಡಿಗಳಿಗೆ ತಾಕತ್ತಿಲ್ಲ, ಜೋರು ತಿರುವಿನಲ್ಲಿ ರಿಮ್ಮು ಬೆಂಡಾಗಿ ಹೋಗುತ್ತದೆ. ಇನ್ನೊಂದು ವಿಷಯ. ಸೈಕಲ್ಲಿನಲ್ಲಿ ಆಕ್ಸಲ್ಲನ್ನು ಎರಡೂ ಕಡೆ ಫೋರ್ಕ್ ಹಿಡಿದಿರುತ್ತದೆ. ಕಾರ್ಟ್‌ನಲ್ಲಿ ಚಕ್ರ ಒಂದೇ ಕಡೆಯ ಆಸರೆಯಲ್ಲಿ ಚಾಚಿಕೊಂಡಿರುತ್ತದೆ. ತೆಳ್ಳಗಿನ ಆಕ್ಸಲ್ ಬಾಗಲೇಬೇಕು. ದಪ್ಪ ಎರಡರಷ್ಟಾದರೆ ಅದು ತಡೆಯುವ ಭಾರ ಎಂಟರಷ್ಟು. 10 ಮಿಲಿಮೀಟರ್ ಕಂಬಿಗೂ 20 ಮಿಲಿಮೀಟರ್ ಕಂಬಿಗೂ ಅಷ್ಟು ವ್ಯತ್ಯಾಸ.

ಮಿಲಿಮೀಟರ್ ಮತ್ತು ಇಂಚು ಬೆರೆತಾಗಲೂ ಎಚ್ಚರ ಬೇಕು. ಮುಕ್ಕಾಲು ಇಂಚಿನ ಕಂಬಿ ಅಂದರೆ 19.05 ಮಿಲಿಮೀಟರ್. 20ರ ಬೇರಿಂಗಿಗೆ ಅದು ಸಲೀಸಾಗಿ ತೂರುತ್ತದೆ, ಆಮೇಲೆ ಓಡುವಾಗ ಬಡಿದುಕೊಂಡು ಕಂಬಿಯನ್ನೇ ತಿನ್ನುತ್ತದೆ. ತಗಡು ಸುತ್ತಿ ಬಿಗಿ ಮಾಡಬೇಡಿ. ಲೇತಿನಲ್ಲಿ ಸಂದು ತುಂಬುವ ಬುಷ್ (ಲೋಹದ ಬಳೆ) ಮಾಡಿಸಿ. ಚೈನಿನಲ್ಲೂ ಹೀಗೇ. 420 ಮತ್ತು 428 ಅನ್ನುವ ಎರಡು ಚೈನ್ ಸೈಜುಗಳಿವೆ, ಎರಡರಲ್ಲೂ ಪಿನ್ನಿಂದ ಪಿನ್ನಿಗೆ ಅರ್ಧ ಇಂಚೇ. ಆದರೆ ಒಳಗಿನ ಅಗಲ ಬೇರೆ. 428ರ ಸ್ಪ್ರಾಕೆಟ್ ಹಲ್ಲು 420ರ ಚೈನಿನೊಳಗೆ ಕೂರುವುದಿಲ್ಲ.

ನನ್ನ ಗಾಡಿಗೆ ಹಾಕಿದ ಎರಡು ಹಿಂದಿನ ಟೈರುಗಳ ಮೇಲೂ ಒಂದೇ ನಂಬರ್ ಇತ್ತು. ಆದರೂ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು. ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಟೈರಿಗೂ ನೆಲಕ್ಕೂ ಚಾಕ್‌ಪೀಸಿನಿಂದ ಗೀಟು ಹಾಕಿದೆ. ಒಂದೊಂದು ಚಕ್ರವನ್ನು ಬಿಡಿಯಾಗಿ ಸರಿಯಾಗಿ ಒಂದು ಸುತ್ತು ಉರುಳಿಸಿ ಅಳೆದೆ. ಎಡದ್ದು 780 ಮಿಲಿಮೀಟರ್, ಬಲದ್ದು 794. ಬರೀ 14 ಮಿಲಿಮೀಟರ್. ಚಕ್ರಗಳ ನಡುವೆ 30 ಇಂಚು ಅಂತ ಲೆಕ್ಕ ಹಾಕಿದರೆ ಸುಮಾರು 42 ಮೀಟರ್ ತ್ರಿಜ್ಯದ ಸುತ್ತು. ಎಡದ ಟೈರು ಸವೆದಿತ್ತು, ಗಾಳಿಯೂ ಕಡಿಮೆ ಇತ್ತು. ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೇ ಗಾಳಿ ತುಂಬಿದಾಗ ವ್ಯತ್ಯಾಸ 9ಕ್ಕೆ ಇಳಿಯಿತು. ಉಳಿದದ್ದಕ್ಕೆ ಗಾಳಿ ಸಾಲಲಿಲ್ಲ. ಎರಡನ್ನೂ ಬಿಚ್ಚಿ ಮುಂದಕ್ಕೆ ಹಾಕಿ, ಮುಂದಿನ ಸಮ ಜೋಡಿಯನ್ನು ಹಿಂದಕ್ಕೆ ತಂದೆ.