ಡೆವನ್ ದ್ವೀಪ: ಜನರಿಲ್ಲದ ನೆಲಕ್ಕೆ ಎರಡು ಹೆಸರು

ನಕ್ಷೆಯಲ್ಲಿ ಕೆನಡಾದ ನುನಾವುಟ್ ಪ್ರದೇಶ ಹುಡುಕಿ. ಬ್ಯಾಫಿನ್ ದ್ವೀಪದ ಉತ್ತರಕ್ಕೆ, ಎಲ್ಸ್‌ಮಿಯರ್ ದ್ವೀಪದ ದಕ್ಷಿಣಕ್ಕೆ ಇರುವುದೇ ಡೆವನ್. ವಿಸ್ತೀರ್ಣ ಸುಮಾರು 55,000 ಚದರ ಕಿ.ಮೀ. ಜನವಸತಿಯಿಲ್ಲದ ದ್ವೀಪಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದು.

ಹೆಸರಿನ ಕಥೆ ಸ್ವಲ್ಪ ನಿಧಾನವಾಗಿ ಓದಿ. 1819–20ರಲ್ಲಿ ಬ್ರಿಟಿಷ್ ನೌಕಾಧಿಕಾರಿ ವಿಲಿಯಂ ಎಡ್ವರ್ಡ್ ಪ್ಯಾರಿ ವಾಯವ್ಯ ಜಲಮಾರ್ಗ (ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಉತ್ತರ ಅಮೆರಿಕದ ಉತ್ತರದಿಂದ ಹೋಗುವ ಹಾದಿ) ಹುಡುಕುತ್ತಾ ಲ್ಯಾಂಕಾಸ್ಟರ್ ಜಲಸಂಧಿಯಲ್ಲಿ ಸಾಗಿ, ಇದರ ದಕ್ಷಿಣ ಕರಾವಳಿಯ ನಕ್ಷೆ ತೆಗೆದ. ಇಂಗ್ಲೆಂಡಿನ ಡೆವನ್ ಸೀಮೆಯ ನೆನಪಿಗೆ ‘ನಾರ್ತ್ ಡೆವನ್’ ಎಂದು ಕರೆದ. ಮುಂದೆ ‘ನಾರ್ತ್’ ಬಿದ್ದುಹೋಯಿತು. ಹಸಿರು ಹುಲ್ಲುಗಾವಲಿನ ಆ ಡೆವನ್‌ಗೂ ಈ ಬೋಳು ಕಲ್ಲಿಗೂ ಎತ್ತಣಿಂದೆತ್ತ ಸಂಬಂಧ!

ಆರ್ಕ್ಟಿಕ್ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನ ಇದನ್ನು ‘ತಲ್ಲುರುಟಿಟ್’ ಎನ್ನುತ್ತಾರೆ. ಹೆಂಗಸಿನ ಗದ್ದದ ಮೇಲಿನ ಹಚ್ಚೆ ಎಂಬ ಅರ್ಥ. ಇನುಯಿಟ್ ಹೆಂಗಸರು ಕೆಳತುಟಿಯಿಂದ ಗದ್ದದವರೆಗೆ ಗೆರೆಗೆರೆಯಾಗಿ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಈ ನೆಲದ ಮೇಲಿನ ಸೀಳುಗಳು ಹಾಗೇ ಕಾಣುತ್ತವೆ. ಭೂಗೋಳ ಓದುವವರಿಗೆ ಈ ಹೆಸರೇ ಹೆಚ್ಚು ಉಪಯೋಗ, ಇದರಲ್ಲಿ ಭೂರೂಪದ ವಿವರಣೆಯೇ ಇದೆ.

ಜನವಸತಿಯಿಲ್ಲ ಅಂದ ಮಾತ್ರಕ್ಕೆ ಯಾರೂ ಎಂದೂ ಬಾಳಿಲ್ಲ ಅಂತ ಬರೆದುಬಿಡಬೇಡಿ. ಇನುಯಿಟರ ಪೂರ್ವಜರಾದ ಥುಲೆ ಜನರ ಮನೆಗಳ ಕುರುಹು ಕರಾವಳಿಯಲ್ಲಿವೆ. 1924ರಲ್ಲಿ ಕೆನಡಾ ತನ್ನ ಹಕ್ಕು ಸಾರಲೆಂದು ಡಂಡಸ್ ಹಾರ್ಬರ್‌ನಲ್ಲಿ ಪೊಲೀಸ್ ಠಾಣೆ ತೆರೆಯಿತು. 1934ರಲ್ಲಿ ಬ್ಯಾಫಿನ್ ದ್ವೀಪದಿಂದ ಇನುಯಿಟ್ ಕುಟುಂಬಗಳನ್ನು ತಂದು ಅಲ್ಲಿಳಿಸಿದರು. ಬೇಟೆಗೆ ಓಡಾಡಲು ಸಮುದ್ರದ ಮಂಜುಗಡ್ಡೆ ಅನುಕೂಲವಾಗಲಿಲ್ಲ. 1936ರಲ್ಲಿ ಅವರನ್ನು ಅಲ್ಲಿಂದ ಕರೆದೊಯ್ದರು.

ಇನ್ನು ಭೂರಚನೆ. ಪೂರ್ವ ಭಾಗವನ್ನು ಹಿಮಟೋಪಿ, ಅಂದರೆ ಮಂಜುಗಡ್ಡೆಯ ದಪ್ಪ ಹೊದಿಕೆ, ಮುಚ್ಚಿದೆ, ಎತ್ತರ ಸುಮಾರು 1,900 ಮೀಟರ್. ಪಶ್ಚಿಮದಲ್ಲಿ ಸುಣ್ಣಕಲ್ಲು ಮತ್ತು ಅದನ್ನೇ ಹೋಲುವ ಡಾಲೊಮೈಟ್ ಕಲ್ಲಿನ ಪ್ರಸ್ಥಭೂಮಿ. ಮಳೆ, ಹಿಮ ಎರಡೂ ಕಡಿಮೆ. ಹಾಗಾಗಿ ಇದು ಧ್ರುವ ಮರುಭೂಮಿ. ಮರುಭೂಮಿಯನ್ನು ಗುರುತಿಸುವುದು ತೇವದ ಕೊರತೆಯಿಂದ, ಬಿಸಿಲಿನಿಂದಲ್ಲ.

ಪಶ್ಚಿಮದಲ್ಲೇ ಹಾಟನ್ ಕುಳಿಯಿದೆ. ಕೋಟ್ಯಂತರ ವರ್ಷಗಳ ಹಿಂದೆ ಆಕಾಶಕಾಯವೊಂದು ಅಪ್ಪಳಿಸಿ ಆದದ್ದು, ಅಗಲ 20 ಕಿ.ಮೀ.ಗೂ ಮೇಲೆ. ಚಳಿಗೆ ಗಿಡಗಂಟಿ ಬೆಳೆಯುವುದು ಅಪರೂಪ, ನೆಲ ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಸವೆತ ನಿಧಾನ, ಕುಳಿಯ ಆಕಾರ ಇನ್ನೂ ಕಾಣುತ್ತದೆ. ಮಂಗಳ ಗ್ರಹವನ್ನು ಹೋಲುವ ಈ ಜಾಗದಲ್ಲಿ 1997ರಿಂದ ನಾಸಾ ಬೆಂಬಲದ ಹಾಟನ್–ಮಾರ್ಸ್ ಯೋಜನೆಯವರು ಬೇಸಿಗೆಯಲ್ಲಿ ಬೀಡುಬಿಟ್ಟು ರೋವರ್, ಬಾಹ್ಯಾಕಾಶ ಉಡುಪುಗಳನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಬೇಸಿಗೆ ಮುಗಿದರೆ ಹೊರಟುಬಿಡುವುದರಿಂದ ಅವರು ನಿವಾಸಿಗಳ ಲೆಕ್ಕಕ್ಕೆ ಬರುವುದಿಲ್ಲ.