ಹಾಲೂ ಜೇನೂ ಹರಿಯುವ ನಾಡು ಅಂದೂ ಇಷ್ಟೇ ಒಣಗಿತ್ತೇ?

ಓದುಗರ ಪ್ರಶ್ನೆ: ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೆಹೂದಿಗಳ ನಾಡನ್ನು ಹಾಲೂ ಜೇನೂ ಹರಿಯುವ ದೇಶವೆಂದು ಮತ್ತೆ ಮತ್ತೆ ಕರೆಯಲಾಗಿದೆ. ಚಿತ್ರಗಳಲ್ಲಿ ನೋಡಿದರೆ ಬೋಳುಗುಡ್ಡ, ಕಲ್ಲು, ಮರಳು ಮಾತ್ರ ಕಾಣುತ್ತವೆ. ಎರಡು ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿನ ಹವಾಮಾನವೇ ಬೇರೆಯಾಗಿತ್ತೇ, ಅಥವಾ ಅದು ಬರಿಯ ಕವಿಯ ಮಾತೇ?

ಉತ್ತರ: ಹವಾಮಾನ ಅಂದೂ ಬಹುಮಟ್ಟಿಗೆ ಇಂದಿನಂತೆಯೇ ಇತ್ತು. ನಡುವೆ ಕೆಲವು ಶತಮಾನಗಳು ಹೆಚ್ಚು ತೇವವಾಗಿಯೂ ಕೆಲವು ಹೆಚ್ಚು ಒಣಗಿಯೂ ಇದ್ದವು ಎಂಬುದನ್ನು ಬಿಟ್ಟರೆ, ಮಳೆ ಬೀಳುವ ತಿಂಗಳುಗಳು, ಅದು ಬರುವ ದಿಕ್ಕು, ಹನಿ ಬೀಳದ ಬೇಸಿಗೆ ಇವು ಮೂರು ಸಾವಿರ ವರ್ಷಗಳಲ್ಲಿ ಬದಲಾಗಿಲ್ಲ. ಹಾಗೆಂದು ಹಾಲುಜೇನಿನ ಮಾತನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಗೊಂದಲ ಹುಟ್ಟುವುದು ಆ ಚಿಕ್ಕ ನಾಡನ್ನು ನಾವು ಒಂದೇ ಬಗೆಯ ನೆಲವೆಂದು ಭಾವಿಸುವುದರಿಂದ. ಪ್ರವಾಸಿಗರು ಹೆಚ್ಚಾಗಿ ತೆಗೆಯುವುದು ಮೃತ ಸಮುದ್ರದ ದಂಡೆಯ ಚಿತ್ರಗಳನ್ನು. ಫೆಬ್ರುವರಿ ತಿಂಗಳಲ್ಲಿ ಉತ್ತರದ ಗಲಿಲಾಯದ ಬೆಟ್ಟಗಳಲ್ಲಿ ತೆಗೆದ ಚಿತ್ರವೊಂದನ್ನು ನೋಡಿದ್ದರೆ ಈ ಪ್ರಶ್ನೆಯೇ ಬೇರೆ ರೀತಿಯಲ್ಲಿ ಬರುತ್ತಿತ್ತು.

ಇಂದು ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯನ್ ಪ್ರದೇಶಗಳಾಗಿ ಹಂಚಿಹೋಗಿರುವ ಈ ನೆಲ ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಪಟ್ಟಿಗಳಂತಿದೆ. ಪಶ್ಚಿಮದಲ್ಲಿ ಮೆಡಿಟರೇನಿಯನ್ ಸಮುದ್ರದ ಕರಾವಳಿ ಬಯಲು, ಅದರಾಚೆ ತಗ್ಗುಗುಡ್ಡಗಳು, ಆಮೇಲೆ ಸಮಾರ್ಯ ಮತ್ತು ಯೂದಾಯದ ಸುಣ್ಣಕಲ್ಲಿನ ಬೆಟ್ಟಸಾಲು, ಕೊನೆಗೆ ಯೋರ್ದನ್ ನದಿಯ ಆಳವಾದ ಬಿರುಕು ಕಣಿವೆ. ಸಮುದ್ರದಿಂದ ಸುಮಾರು 50 ಕಿಲೋಮೀಟರ್ ಒಳಗಿರುವ ಯೆರೂಸಲೇಮ್ ಹೆಚ್ಚು ಕಡಿಮೆ 800 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ನೇರಗೆರೆಯಲ್ಲಿ 25 ಕಿಲೋಮೀಟರ್ ಹೋಗುವಷ್ಟರಲ್ಲಿ ನೆಲ 1,200 ಮೀಟರಿಗೂ ಹೆಚ್ಚು ಕುಸಿದು, ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗಿರುವ ಮೃತ ಸಮುದ್ರವನ್ನು ಮುಟ್ಟುತ್ತದೆ. ಭೂಮಿಯ ಮೇಲೆ ಬಯಲಿಗೆ ತೆರೆದಿರುವ ಅತ್ಯಂತ ತಗ್ಗಿನ ದಂಡೆ ಅದು.

ಮಳೆಮೋಡಗಳು ಚಳಿಗಾಲದಲ್ಲಿ ಪಶ್ಚಿಮದ ಸಮುದ್ರದಿಂದ ಬಂದು ಬೆಟ್ಟಸಾಲಿನ ಪಡುವಣ ಮೈಯಲ್ಲಿ ಸುರಿದುಬಿಡುತ್ತವೆ. ಮೂಡಣ ಮೈಗೆ ಉಳಿಯುವುದು ಮಳೆ ನೆರಳು. ಸಹ್ಯಾದ್ರಿಯ ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವಾಗ ನಾವು ಕಾಣುವ ವ್ಯತ್ಯಾಸವೇ ಅಲ್ಲಿಯೂ ಇದೆ, ಆದರೆ ಅದು ಅರ್ಧ ದಿನದ ನಡಿಗೆಯೊಳಗೆ ಮುಗಿದುಹೋಗುತ್ತದೆ. ಯೆರೂಸಲೇಮಿನಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ ಬಿದ್ದರೆ, ಮೃತ ಸಮುದ್ರದ ದಂಡೆಯಲ್ಲಿ 100 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೂ ಇದೇ ಕತೆ. ಮೇಲಿನ ಗಲಿಲಾಯದಲ್ಲಿ 700 ಮಿಲಿಮೀಟರಿಗಿಂತ ಹೆಚ್ಚು, ನೆಗೆವ್ ಮರುಭೂಮಿಯ ಬಾಗಿಲಲ್ಲಿರುವ ಬೇರ್ಷೆಬದಲ್ಲಿ ಸುಮಾರು 200, ಕೆಂಪು ಸಮುದ್ರದ ತುದಿಯ ಐಲಾತಿನಲ್ಲಿ ಸುಮಾರು 30. ಕುರಿಗಾಹಿಯೊಬ್ಬ ಬೆತ್ಲೆಹೇಮಿನ ಗೋದಿ ಹೊಲದ ಬದುವಿನಿಂದ ಹೊರಟರೆ ಅದೇ ದಿನ ಸಂಜೆಗೆ ಮರುಭೂಮಿಯಲ್ಲಿ ಇರಬಹುದಾಗಿತ್ತು. ಹಳೆಯ ಒಡಂಬಡಿಕೆಯ ಕತೆಗಳಲ್ಲಿ ರೈತನೂ ಕುರುಬನೂ ಪಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುವುದಕ್ಕೆ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ, ಈ ನೆಲದ ರಚನೆಯೇ ಹಿನ್ನೆಲೆ.

ಯೆರೂಸಲೇಮಿನ 550 ಮಿಲಿಮೀಟರ್ ಕಡಿಮೆಯೇನಲ್ಲ. ಲಂಡನ್ನಿನ ವಾರ್ಷಿಕ ಮಳೆಗಿಂತ ಅದು ತೀರ ಹಿಂದೆ ಬೀಳುವುದಿಲ್ಲ. ಕಷ್ಟವಿರುವುದು ಹಂಚಿಕೆಯಲ್ಲಿ. ಅಷ್ಟೂ ಮಳೆ ಅಕ್ಟೋಬರಿನಿಂದ ಏಪ್ರಿಲ್ ಒಳಗೆ, ಅದರಲ್ಲೂ ಹೆಚ್ಚಿನ ಪಾಲು ಡಿಸೆಂಬರಿನಿಂದ ಫೆಬ್ರುವರಿಯ ಒಳಗೆ, ಐವತ್ತು ಅರವತ್ತು ದಿನಗಳಲ್ಲಿ ಬಿದ್ದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ, ನಮ್ಮಲ್ಲಿ ಹೊಳೆಗಳು ತುಂಬುವ ತಿಂಗಳುಗಳಲ್ಲಿ, ಅಲ್ಲಿ ಹನಿ ಮಳೆಯೂ ಬೀಳುವುದಿಲ್ಲ. ಸಮುದ್ರದಿಂದ ಬರುವ ತೇವ ರಾತ್ರಿ ಇಬ್ಬನಿಯಾಗಿ ಇಳಿಯುವುದೊಂದೇ ಗಿಡಗಳಿಗೆ ಆಸರೆ. ಶರತ್ಕಾಲದ ಮೊದಲ ಮಳೆ ತಡವಾದರೆ ಗಟ್ಟಿಯಾದ ನೆಲವನ್ನು ಉಳಲಾಗದು, ವಸಂತದ ಕೊನೆಯ ಮಳೆ ತಪ್ಪಿದರೆ ತೆನೆ ತುಂಬದು. ಎರಡೂ ಸರಿಯಾಗಿ ಬಂದ ಮೇಲೆ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿ ಹಸಿರನ್ನು ಎರಡು ದಿನಗಳಲ್ಲಿ ಸುಟ್ಟುಹಾಕುವುದೂ ಉಂಟು.

ಇದನ್ನು ಪ್ರಾಚೀನರೇ ಸ್ಪಷ್ಟವಾಗಿ ಅರಿತಿದ್ದರು. ಬೈಬಲಿನ ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಮೋಶೆ ತನ್ನ ಜನರಿಗೆ, ನೀವು ಹೋಗುತ್ತಿರುವ ದೇಶ ನೀವು ಬಿಟ್ಟು ಬಂದ ಐಗುಪ್ತದಂತಲ್ಲ (ಅಂದರೆ ಈಜಿಪ್ಟಿನಂತಲ್ಲ), ಅಲ್ಲಿ ಬಿತ್ತಿದ ಮೇಲೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ, ಇದಾದರೋ ಆಕಾಶದ ಮಳೆಯನ್ನು ಕುಡಿಯುವ ಬೆಟ್ಟಕಣಿವೆಗಳ ದೇಶ ಎಂದು ಹೇಳುತ್ತಾನೆ. ಹಾಲುಜೇನಿನ ಮಾತಿಗಿಂತ ಈ ಮಾತು ನನಗೆ ಹೆಚ್ಚು ನಿಖರವಾಗಿ ಕಾಣುತ್ತದೆ. ಈಜಿಪ್ಟಿಗೆ ನೈಲ್ ಇತ್ತು, ಮೆಸೊಪೊಟೇಮಿಯಕ್ಕೆ ಯೂಫ್ರೆಟಿಸ್ ಮತ್ತು ಟೈಗ್ರಿಸ್ ಇದ್ದವು. ಎರಡೂ ಕಡೆ ದೊಡ್ಡ ಕಾಲುವೆಗಳು, ದೊಡ್ಡ ಕಣಜಗಳು, ಅವುಗಳ ಬಲದ ಮೇಲೆ ದೊಡ್ಡ ಸಾಮ್ರಾಜ್ಯಗಳು ಎದ್ದವು. ಯೋರ್ದನ್ ನದಿ ಹಾಗೆ ಯಾವ ರಾಜ್ಯವನ್ನೂ ಸಾಕಲಿಲ್ಲ. ಅದು ಹರಿಯುವುದು ಜನ ನೆಲೆಸಿದ ಬೆಟ್ಟಗಳಿಗಿಂತ ನೂರಾರು ಮೀಟರ್ ಕೆಳಗೆ, ಮತ್ತು ಕೊನೆಗೆ ಸೇರುವುದು ಮೀನು ಬದುಕದ ಉಪ್ಪುನೀರನ್ನು.

ನದಿಯ ಬದಲು ಅವರು ನಂಬಿದ್ದು ಕಲ್ಲನ್ನು. ಸುಣ್ಣಕಲ್ಲಿನ ಬೆಟ್ಟದಲ್ಲಿ ಮಳೆನೀರು ಇಂಗಿ ಅಲ್ಲಲ್ಲಿ ಊಟೆಯಾಗಿ ಹೊರಬರುತ್ತದೆ. ಊಟೆ ಇಲ್ಲದ ಕಡೆ ಬಂಡೆಯಲ್ಲಿ ಹೊಂಡ ಕೊರೆದು, ಒಳಗೆ ಸುಣ್ಣದ ಗಾರೆ ಬಳಿದು, ಚಳಿಗಾಲದ ನೀರನ್ನು ಬೇಸಿಗೆಗೆ ಕೂಡಿಡುತ್ತಿದ್ದರು. ಇಳಿಜಾರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಹೊಲಗಳನ್ನು ಮಾಡುತ್ತಿದ್ದರು. (ಯೆರೂಸಲೇಮಿನ ಸುತ್ತ ಇಂದು ಕಾಣುವ ಮೆಟ್ಟಿಲು ಹೊಲಗಳನ್ನೆಲ್ಲ ದಾವೀದ ರಾಜನ ಕಾಲದವೆಂದು ಮಾರ್ಗದರ್ಶಿಗಳು ಹೇಳುವುದುಂಟು, ಮಣ್ಣಿನ ಕಾಲನಿರ್ಣಯ ಮಾಡಿದಾಗ ಅವುಗಳಲ್ಲಿ ಬಹಳಷ್ಟು ಕಳೆದ ಕೆಲವು ಶತಮಾನಗಳಲ್ಲಿ ಕಟ್ಟಿದವೆಂದು ತಿಳಿದುಬಂದಿದೆ.) ಕೋಟೆಯೂರುಗಳಾದ ಮೆಗಿದ್ದೋ ಮತ್ತು ಹಾಚೋರುಗಳಲ್ಲಿ ಮುತ್ತಿಗೆಯ ಕಾಲಕ್ಕೆಂದು ಗೋಡೆಯೊಳಗಿನಿಂದಲೇ ನೀರಿಗೆ ಇಳಿಯುವ ಆಳವಾದ ಬಾವಿಮಾರ್ಗಗಳನ್ನು ಕೊರೆದಿದ್ದಾರೆ.

ಈ ಕೆಲಸಗಳಲ್ಲಿ ಹೆಸರಾದದ್ದು ಯೆರೂಸಲೇಮಿನ ಸುರಂಗ. ನಗರಕ್ಕಿದ್ದ ಒಂದೇ ದೊಡ್ಡ ಊಟೆಯಾದ ಗೀಹೋನ್ ಕೋಟೆಗೋಡೆಯ ಬುಡದಲ್ಲಿ, ಕಣಿವೆಯ ಬದಿಯಲ್ಲಿತ್ತು. ಅದರ ನೀರನ್ನು ನಗರದ ಇನ್ನೊಂದು ಮಗ್ಗುಲಿನ ಸಿಲೋವಾ ಕೊಳಕ್ಕೆ ತರಲು 533 ಮೀಟರ್ ಉದ್ದದ ಸುರಂಗವನ್ನು ಬಂಡೆಯೊಳಗೆ ಕೊರೆಯಲಾಯಿತು. ಇದನ್ನು ಸಾಮಾನ್ಯವಾಗಿ ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯಲ್ಲಿ ಆಳಿದ ಹಿಜ್ಕೀಯ ರಾಜನ ಕೆಲಸವೆಂದು ಹೇಳುತ್ತಾರೆ. ಎರಡು ತಂಡಗಳು ಎರಡು ತುದಿಗಳಿಂದ ಅಂಕುಡೊಂಕಾಗಿ ಕೊರೆಯುತ್ತ ಬಂದು, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿ, ನಡುವೆ ಕೂಡಿದ ಬಗೆಯನ್ನು ವಿವರಿಸುವ ಹೀಬ್ರೂ ಶಾಸನವೊಂದು 1880ರಲ್ಲಿ ಸುರಂಗದ ಗೋಡೆಯಲ್ಲೇ ಸಿಕ್ಕಿತು. ರಾಜನ ಹೆಸರನ್ನೂ ದೇವರ ಹೆಸರನ್ನೂ ಹೇಳದೆ ಕೆಲಸಗಾರರ ಗುದ್ದಲಿಗಳ ಬಗ್ಗೆಯೇ ಮಾತಾಡುವ ಆ ಶಾಸನ ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಹಾಗಾದರೆ ಹಾಲು, ಜೇನು? ಹಾಲೆಂದರೆ ಮೇಕೆ ಮತ್ತು ಕುರಿಯ ಹಾಲು; ಚಳಿಗಾಲದ ಮಳೆಯ ನಂತರ ಮರುಭೂಮಿಯ ಅಂಚಿನಲ್ಲೂ ಹುಲ್ಲು ಚಿಗುರುವುದರಿಂದ ಮಂದೆಗಳಿಗೆ ಮೇವಿಗೆ ಕೊರತೆಯಿರಲಿಲ್ಲ. ಬೈಬಲಿನ ಜೇನನ್ನು ಬಹಳ ಕಾಲ ವಿದ್ವಾಂಸರು ಖರ್ಜೂರದ ಪಾಕವೆಂದೇ ಅರ್ಥೈಸುತ್ತಿದ್ದರು. 2007ರಲ್ಲಿ ಯೋರ್ದನ್ ಕಣಿವೆಯ ತೇಲ್ ರೆಹೋವ್ ಎಂಬಲ್ಲಿ ಪುರಾತತ್ವಜ್ಞ ಅಮಿಹಾಯ್ ಮಜಾರರ ತಂಡಕ್ಕೆ ಸುಮಾರು ಮೂರು ಸಾವಿರ ವರ್ಷ ಹಳೆಯ, ಮಣ್ಣು ಮತ್ತು ಹುಲ್ಲಿನಿಂದ ಮಾಡಿದ ಜೇನುಗೂಡುಗಳ ಸಾಲುಗಳು ಊರಿನ ನಡುವೆಯೇ ಸಿಕ್ಕಿದ ಮೇಲೆ, ಅಲ್ಲಿ ಜೇನು ಸಾಕಣೆ ದೊಡ್ಡ ಪ್ರಮಾಣದ ಉದ್ಯಮವಾಗಿತ್ತೆಂಬುದು ಖಚಿತವಾಯಿತು. ಧರ್ಮೋಪದೇಶಕಾಂಡ ಗೋದಿ, ಜವೆಗೋದಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಜೇನು ಎಂದು ನಾಡಿನ ಏಳು ಬೆಳೆಗಳನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಬೇಸಿಗೆಯ ನೀರಾವರಿ ಬೇಡುವ ಧಾನ್ಯ ಒಂದೂ ಇಲ್ಲ. ಧಾನ್ಯಗಳು ಚಳಿಗಾಲದ ಮಳೆಯಲ್ಲಿ ಬೆಳೆದು ಬೇಸಿಗೆಗೆ ಮುಂಚೆ ಕೊಯ್ಲಾಗುತ್ತವೆ, ಆಲಿವ್ ಮತ್ತು ದ್ರಾಕ್ಷಿಯ ಬೇರುಗಳು ಆಳದ ತೇವವನ್ನು ಹೀರಿ ಒಣತಿಂಗಳುಗಳನ್ನು ದಾಟುತ್ತವೆ. ಗೆಜೆರ್ ಎಂಬ ಪ್ರಾಚೀನ ಊರಿನಲ್ಲಿ 1908ರಲ್ಲಿ ಸಿಕ್ಕ, ಕ್ರಿ.ಪೂ. ಹತ್ತನೆಯ ಶತಮಾನದ್ದೆಂದು ಎಣಿಸಲಾದ ಪುಟ್ಟ ಕಲ್ಲಿನ ಫಲಕವೊಂದರಲ್ಲಿ ವರ್ಷದ ತಿಂಗಳುಗಳನ್ನು ಕೊಯ್ಲು, ಬಿತ್ತನೆ, ಜವೆಗೋದಿಯ ಕಟಾವು, ಬಳ್ಳಿ ಸವರುವುದು, ಬೇಸಿಗೆಯ ಹಣ್ಣು ಎಂದು ಕೆಲಸಗಳಿಂದಲೇ ಗುರುತಿಸಲಾಗಿದೆ.

ಆದರೂ ಬರ ಬರುತ್ತಲೇ ಇತ್ತು. ಬೈಬಲಿನ ಕತೆಗಳಲ್ಲಿ ಅಬ್ರಹಾಮ ಐಗುಪ್ತಕ್ಕೆ ಹೋದದ್ದು ಬರದಿಂದ, ಯಾಕೋಬನ ಮಕ್ಕಳು ಧಾನ್ಯ ಕೊಳ್ಳಲು ಹೋದದ್ದು ಬರದಿಂದ, ರೂತಳ ಕತೆಯ ಕುಟುಂಬ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದದ್ದೂ ಬರದಿಂದಲೇ. ಈ ವ್ಯಕ್ತಿಗಳು ಐತಿಹಾಸಿಕರೇ ಎಂಬ ಚರ್ಚೆ ಬೇರೆ, ಆದರೆ ಕತೆ ಹೇಳಿದವರಿಗೆ ತಮ್ಮ ನೆಲದ ಸ್ವಭಾವ ಗೊತ್ತಿತ್ತು. ಕ್ರಿ.ಪೂ. 1200ರ ಸುಮಾರಿನ ಈಜಿಪ್ಟಿನ ಗಡಿ ಅಧಿಕಾರಿಯೊಬ್ಬನ ವರದಿಯಲ್ಲಿ, ಮೃತ ಸಮುದ್ರದ ದಕ್ಷಿಣದ ಏದೋಮಿನ ಕುರುಬರನ್ನು ಅವರೂ ಅವರ ಮಂದೆಗಳೂ ಬದುಕಿಕೊಳ್ಳಲೆಂದು ಕೆರೆಗಳ ಬಳಿಗೆ ಒಳಬಿಟ್ಟ ಸಂಗತಿ ದಾಖಲಾಗಿದೆ.

ಅದೇ ಕಾಲದಲ್ಲಿಯೇ ಇಸ್ರಾಯೇಲ್ ಎಂಬ ಹೆಸರು ಇತಿಹಾಸದಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು. ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ಫರೋಹ ಮೆರ್ನೆಪ್ತಾನ ವಿಜಯಶಾಸನದಲ್ಲಿ ಅದು ಕಾನಾನಿನ (ಈ ನಾಡಿನ ಹಳೆಯ ಹೆಸರು) ಜನಸಮುದಾಯವೊಂದರ ಹೆಸರಾಗಿ ಬರುತ್ತದೆ. ಗಲಿಲಾಯ ಸರೋವರದ ತಳದ ಕೆಸರಿನಿಂದ ತೆಗೆದ ಪರಾಗಕಣಗಳ ಅಧ್ಯಯನ, ಕ್ರಿ.ಪೂ. 1250ರಿಂದ 1100ರ ನಡುವೆ ಆ ಪ್ರದೇಶ ತೀವ್ರವಾಗಿ ಒಣಗಿತ್ತೆಂದು ತೋರಿಸಿದೆ. ಆ ಅವಧಿಯಲ್ಲೇ ಕಾನಾನಿನ ಬಯಲಿನ ನಗರಗಳು ಒಂದೊಂದಾಗಿ ಕುಸಿದವು, ಈಜಿಪ್ಟಿನ ಹಿಡಿತ ಸಡಿಲವಾಯಿತು, ಅಲ್ಲಿಯವರೆಗೆ ಜನ ವಿರಳವಾಗಿದ್ದ ನಡುಬೆಟ್ಟಗಳಲ್ಲಿ ನೂರಾರು ಪುಟ್ಟ ಹಳ್ಳಿಗಳು ಎದ್ದವು. ಪುರಾತತ್ವಜ್ಞರಲ್ಲಿ ಬಹುಮಂದಿ ಪ್ರಾಚೀನ ಇಸ್ರಾಯೇಲಿನ ಹುಟ್ಟನ್ನು ಈ ಹಳ್ಳಿಗಳಲ್ಲಿ ಕಾಣುತ್ತಾರೆ. ಬರವೊಂದೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಅವಸರವಾದೀತು. ಯುದ್ಧ, ವಲಸೆ, ವ್ಯಾಪಾರದ ಕುಸಿತ ಎಲ್ಲವೂ ಒಟ್ಟಿಗೆ ನಡೆದಿದ್ದವು.

ಮುಂದಿನ ಶತಮಾನಗಳಲ್ಲಿ ಆ ಬೆಟ್ಟಗಳಿಂದ ಎರಡು ರಾಜ್ಯಗಳು ಬೆಳೆದವು, ಮತ್ತು ಅವುಗಳ ಗತಿಯಲ್ಲೂ ಮಳೆಯ ಗೆರೆಯ ಗುರುತಿದೆ. ಉತ್ತರದ ಇಸ್ರಾಯೇಲಿಗೆ ಹೆಚ್ಚು ಮಳೆ, ಇಜ್ರೇಲ್ ಕಣಿವೆಯ ಕಪ್ಪು ಮಣ್ಣು, ಈಜಿಪ್ಟಿನಿಂದ ಸಿರಿಯಕ್ಕೆ ಹೋಗುವ ವ್ಯಾಪಾರದ ದಾರಿ ಎಲ್ಲ ಒದಗಿದ್ದವು. ಅಸ್ಸೀರಿಯದ ವಿರುದ್ಧ ನಡೆದ ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ ಅದರ ಅರಸ ಅಹಾಬ 2,000 ರಥಗಳನ್ನು ತಂದಿದ್ದನೆಂದು ಅಸ್ಸೀರಿಯದ ಶಾಸನ ಹೇಳುತ್ತದೆ. ಸಂಖ್ಯೆ ಉಬ್ಬಿಸಿದ್ದಿರಬಹುದು, ಆದರೂ ಅದು ಶ್ರೀಮಂತ ರಾಜ್ಯವಾಗಿತ್ತು. ಅದೇ ಶ್ರೀಮಂತಿಕೆ, ಅದೇ ಹೆದ್ದಾರಿ ಶತ್ರುವನ್ನೂ ಕರೆತಂದವು. ಕ್ರಿ.ಪೂ. 720ರ ಆಸುಪಾಸಿನಲ್ಲಿ ಅಸ್ಸೀರಿಯನ್ನರು ರಾಜಧಾನಿ ಸಮಾರ್ಯವನ್ನು ಹಿಡಿದು ಜನರನ್ನು ಗಡೀಪಾರು ಮಾಡಿದರು. ದಕ್ಷಿಣದ ಯೂದ ಬಡದು, ಕಲ್ಲಿನದು, ಹೆದ್ದಾರಿಯಿಂದ ದೂರದ್ದು. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಅರಸ ಸನ್ಹೇರೀಬ ಅದರ 46 ಕೋಟೆಯೂರುಗಳನ್ನು ಗೆದ್ದೆನೆಂದೂ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಬರೆಸಿದನು. ನಗರವನ್ನು ಹಿಡಿದೆನೆಂದು ಮಾತ್ರ ಬರೆಸಲಿಲ್ಲ. ಆ ರಾಜ್ಯ ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿದು, ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರ ಕೈಯಲ್ಲಿ ಅಳಿಯಿತು. ಪರ್ಷಿಯದ ಸೈರಸ್ ಬಾಬಿಲೋನನ್ನು ಗೆದ್ದ ಮೇಲೆ ಅಲ್ಲಿಗೆ ಸೆರೆ ಒಯ್ಯಲಾಗಿದ್ದ ಯೂದದವರಲ್ಲಿ ಒಂದು ಭಾಗ ಮರಳಿ ಬಂದು ಯೆರೂಸಲೇಮಿನಲ್ಲಿ ನಾಶವಾಗಿದ್ದ ದೇವಾಲಯವನ್ನು ಮತ್ತೆ ಕಟ್ಟಿತು. ಆಮೇಲೆ ಗ್ರೀಕರು, ಹಸ್ಮೋನಿಯನ್ ಎಂಬ ಯೆಹೂದಿ ಮನೆತನದ ಅರಸರು, ಕ್ರಿ.ಪೂ. 63ರಿಂದ ರೋಮನ್ನರು.

ರೋಮನ್ನರ ಕಾಲದ ಮೊದಲ ಭಾಗದಲ್ಲಿ ಮೃತ ಸಮುದ್ರದ ಮಟ್ಟ ಮೇಲಿತ್ತು, ಮಳೆ ತುಸು ಉದಾರವಾಗಿತ್ತು. ದಂಡೆಯ ಏನ್ ಗೆದಿಯಲ್ಲಿ ಬಾಲ್ಸಮ್ ಸುಗಂಧದ ತೋಟಗಳಿದ್ದವು. ಮಸಾದಾ ಕೋಟೆಯ ಅವಶೇಷಗಳಲ್ಲಿ ದೊರೆತ ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಮರವಾಗಿದೆ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ಯೆರೂಸಲೇಮನ್ನೂ ದೇವಾಲಯವನ್ನೂ ನಾಶಮಾಡಿದನು. ರೋಮನ್ನರ ವಿರುದ್ಧ ಯೆಹೂದಿಗಳು ಕ್ರಿ.ಶ. 132ರಿಂದ 135ರ ವರೆಗೆ ನಡೆಸಿದ ಬಾರ್ ಕೊಖ್ಬಾ ದಂಗೆ ಸೋತ ಮೇಲೆ ಯೂದಾಯದ ಹಳ್ಳಿಗಳು ಬರಿದಾಗಿ, ಯೆಹೂದಿ ಬದುಕಿನ ಕೇಂದ್ರ ಮಳೆ ಹೆಚ್ಚಿರುವ ಗಲಿಲಾಯಕ್ಕೆ ಸರಿಯಿತು. ಅಲ್ಲಿ ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಧರ್ಮಶಾಸ್ತ್ರದ ಮೊದಲ ವಿಭಾಗವೇ ಬೇಸಾಯಕ್ಕೆ ಮೀಸಲು; ಮಳೆ ತಡವಾದರೆ ಯಾವ ದಿನದಿಂದ ಉಪವಾಸ ಆರಂಭಿಸಬೇಕು, ಆಗಲೂ ಬರದಿದ್ದರೆ ಏನು ಮಾಡಬೇಕು ಎಂಬುದಕ್ಕೇ ಮಿಷ್ನಾದ ಇನ್ನೊಂದು ವಿಭಾಗದಲ್ಲಿ ಬೇರೆಯೊಂದು ಪ್ರಕರಣವಿದೆ.

ಯೆಹೂದಿಗಳ ಪಂಚಾಂಗ ಇಂದಿಗೂ ಆ ನೆಲದ ಋತುಗಳನ್ನೇ ಅನುಸರಿಸುತ್ತದೆ. ಪಸ್ಕ ಜವೆಗೋದಿಯ ಕೊಯ್ಲಿನ ಹೊತ್ತಿಗೆ, ವಾರಗಳ ಹಬ್ಬ ಗೋದಿಯ ಕೊಯ್ಲಿಗೆ, ಪರ್ಣಶಾಲೆಗಳ ಹಬ್ಬ ಹಣ್ಣುಗಳ ಸುಗ್ಗಿ ಮುಗಿದು ಮಳೆಗಾಗಿ ಕಾಯುವ ದಿನಗಳಿಗೆ ಬರುತ್ತವೆ. ಪರ್ಣಶಾಲೆಗಳ ಹಬ್ಬದ ಬೆನ್ನಿಗೇ ಮಳೆಯ ಪ್ರಾರ್ಥನೆ, ಪಸ್ಕದಲ್ಲಿ ಇಬ್ಬನಿಯ ಪ್ರಾರ್ಥನೆ ನಡೆಯುತ್ತವೆ. ಕೊಚ್ಚಿಯ ಯೆಹೂದಿಗಳು, ಕೊಂಕಣದ ಬೆನೆ ಇಸ್ರೇಲಿಗಳು ಶತಮಾನಗಳ ಕಾಲ ಜೂನ್ ತಿಂಗಳ ಮಳೆಯಲ್ಲಿ ನೆನೆಯುತ್ತ ಬದುಕಿದವರು. ಆದರೂ ಈ ಪಂಚಾಂಗದಂತೆ ಮಳೆಯ ಪ್ರಾರ್ಥನೆಯ ಸರದಿ ಬರುವುದು ನಮ್ಮ ಕರಾವಳಿಯಲ್ಲಿ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ.