ಸ್ಪಾ ಎಂದರೆ ಒಂದು ಊರು ಕಣ್ರೀ

‘ಸಾಲುಸ್ ಪೆರ್ ಆಕ್ವಾಂ’, ಅಂದರೆ ನೀರಿನಿಂದ ಆರೋಗ್ಯ. ಈ ಮೂರು ಲ್ಯಾಟಿನ್ ಪದಗಳ ಮೊದಲಕ್ಷರ ಕೂಡಿಸಿ ರೋಮನ್ನರು ‘ಸ್ಪಾ’ ಎಂಬ ಪದ ಕಟ್ಟಿದರಂತೆ. ಇದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದ್ದಾಗ ಸುಮ್ಮನಿದ್ದೆ. ಬ್ಯೂಟಿ ಪಾರ್ಲರುಗಳ ಗೋಡೆ ಹತ್ತಿದಾಗಲೂ ಸುಮ್ಮನಿದ್ದೆ. ಈಗ ಜಾರ್ಜಿಯನ್ ಕಾಲದ ಇಂಗ್ಲೆಂಡಿನ ಬಗೆಗಿನ ಗಂಭೀರ ಬರಹವೊಂದರಲ್ಲೇ ಕಾಣಿಸಿಕೊಂಡಿದೆ. ಜೊತೆಗೆ, ಆ ಕಾಲದ ಸಿರಿವಂತರು ಮಸಾಜಿಗೆಂದು ಸ್ಪಾಗೆ ಹೋಗುತ್ತಿದ್ದರು ಎಂಬ ಒಗ್ಗರಣೆ ಬೇರೆ. ಹಾಗಾಗಿ ಇಷ್ಟುದ್ದ ಬರೆಯಬೇಕಾಯಿತು.

(ಜಾರ್ಜಿಯನ್ ಎಂದರೆ ಜಾರ್ಜಿಯಾ ದೇಶದ್ದಲ್ಲ. 1714ರಿಂದ 1830ರವರೆಗೆ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಜಾರ್ಜ್‌ಗಳು ಆಳಿದ ಇಂಗ್ಲೆಂಡಿನದು. ಇದನ್ನೂ ಹೇಳಬೇಕಾಗಿ ಬಂದಿದೆ.)

ಸ್ಪಾ ಎಂಬುದು ಊರು. ಬೆಲ್ಜಿಯಂನ ಲಿಯೇಜ್ ಪ್ರಾಂತ್ಯದಲ್ಲಿ, ಆರ್ಡೆನ್ ಗುಡ್ಡಗಾಡಿನಲ್ಲಿ ಇವತ್ತಿಗೂ ಇದೆ. ಫಾರ್ಮುಲಾ ಒನ್ ನೋಡುವವರು ಸ್ಪಾ-ಫ್ರಾಂಕೋರ್ಶಾಂ ಎಂಬ ಹೆಸರು ಕೇಳಿರುತ್ತಾರೆ, ಅದೇ ಸ್ಪಾ. ಅಲ್ಲಿನ ಒರತೆಗಳ ನೀರಿನಲ್ಲಿ ಕಬ್ಬಿಣದ ಅಂಶವಿದೆ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಉಳ್ಳವರು ಹಡಗು ಹತ್ತಿ ಹೋಗಿ ಅದನ್ನು ಕುಡಿದು ಬರುತ್ತಿದ್ದರು. 1571ರಲ್ಲಿ ವಿಲಿಯಂ ಸ್ಲಿಂಗ್ಸ್‌ಬಿ ಎಂಬಾತ ಯಾರ್ಕ್‌ಷೈರಿನ ಹ್ಯಾರೊಗೇಟ್‌ನಲ್ಲಿ ಅಂಥದೇ ರುಚಿಯ ಒರತೆ ಕಂಡುಕೊಂಡ. ಮುಂದೆ ತಿಮೊತಿ ಬ್ರೈಟ್ ಎಂಬ ವೈದ್ಯ ಅದನ್ನು ‘ಇಂಗ್ಲಿಷ್ ಸ್ಪಾ’ ಎಂದು ಕರೆದ. ನಮ್ಮ ಇಳಕಲ್ ಊರಿನ ಹೆಸರು ಸೀರೆಗೆ ಅಂಟಿಕೊಂಡಂತೆ, ಬೆಲ್ಜಿಯಂನ ಊರೊಂದರ ಹೆಸರು ಔಷಧೀಯ ನೀರಿರುವ ಎಲ್ಲ ಊರುಗಳಿಗೂ ಅಂಟಿತು. ಇದರಲ್ಲಿ ಗುಟ್ಟೇನೂ ಇಲ್ಲ.

ಇನ್ನು ರೋಮನ್ನರ ವಿಷಯ. ಅವರು ಹೆಸರುಗಳನ್ನು ಮೊದಲಕ್ಷರಗಳಿಗೆ ಇಳಿಸಿ ಕಲ್ಲಿನ ಮೇಲೆ ಕೆತ್ತುತ್ತಿದ್ದದ್ದು ನಿಜ. ಆದರೆ ಅದು ಕೆತ್ತುವವನ ಶ್ರಮ ಉಳಿಸಲು. ಓದುವಾಗ ಪೂರ್ತಿ ಪದಗಳನ್ನೇ ಓದುತ್ತಿದ್ದರು. ಮೊದಲಕ್ಷರಗಳನ್ನು ಕೂಡಿಸಿ ಹೊಸ ಪದವಾಗಿ ಉಚ್ಚರಿಸುವ ಚಾಳಿ ಬೆಳೆದದ್ದು 20ನೇ ಶತಮಾನದಲ್ಲಿ, ಸೇನೆ ಮತ್ತು ಸರ್ಕಾರಿ ಕಚೇರಿಗಳ ಕೃಪೆಯಿಂದ. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇದೆ. ಇಂಥ ಊರುಗಳಿಗೆ ರೋಮನ್ನರ ಹತ್ತಿರ ಆಗಲೇ ಒಂದು ಪದವಿತ್ತು: ‘ಆಕ್ವೇ’, ನೀರುಗಳು. ಇಂಗ್ಲೆಂಡಿನ ಬಾತ್ ಅವರಿಗೆ ‘ಆಕ್ವೇ ಸುಲಿಸ್’, ಸುಲಿಸ್ ದೇವತೆಯ ನೀರು. ಫ್ರಾನ್ಸಿನ ಎಕ್ಸ್-ಆ್ಯನ್-ಪ್ರೊವಾನ್ಸ್ ‘ಆಕ್ವೇ ಸೆಕ್ಸ್ಟಿಯೇ’. ತಾವೇ ಕಟ್ಟಿದ ಸ್ನಾನಗೃಹದ ಊರುಗಳಿಗೆ ಇಡದ ಹೆಸರನ್ನು ಬೆಲ್ಜಿಯಂನ ಕಾಡಿನ ಮೂಲೆಗೆ ಮಾತ್ರ ಯಾಕೆ ಇಡುತ್ತಿದ್ದರು? ಇನ್ನೊಂದು: 17, 18ನೇ ಶತಮಾನದ ಇಂಗ್ಲಿಷರು ಈ ಪದವನ್ನು ಎಷ್ಟೋ ಸಲ ಕೊನೆಗೊಂದು ‘ಡಬ್ಲ್ಯೂ’ ಸೇರಿಸಿ ಬರೆಯುತ್ತಿದ್ದರು. ಮೊದಲಕ್ಷರಗಳ ಕಥೆ ನಿಜವಾದರೆ ಆ ನಾಲ್ಕನೇ ಅಕ್ಷರಕ್ಕೂ ಒಂದು ಲ್ಯಾಟಿನ್ ಪದ ಹುಡುಕಿ ಕೊಡಿ. ಲ್ಯಾಟಿನ್ನಿನಲ್ಲಿ ‘ಡಬ್ಲ್ಯೂ’ ಅಕ್ಷರವೇ ಇರಲಿಲ್ಲ.

ಊರಿಗೆ ಆ ಹೆಸರು ಯಾಕೆ ಬಂತು ಎಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅಲ್ಲಿನ ವಲ್ಲೂನ್ ನುಡಿಯಲ್ಲಿ ಚಿಮ್ಮುವ ಒರತೆಗಿದ್ದ ಪದ ಎನ್ನುವವರಿದ್ದಾರೆ, ‘ಚಿಮುಕಿಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿಗೆ ಗಂಟು ಹಾಕುವವರೂ ಇದ್ದಾರೆ. ಅದು ಪಂಡಿತರ ಜಗಳ, ಅವರಿಗೇ ಇರಲಿ.

ಎರಡನೇ ತಲೆನೋವು ‘ಸ್ಪಾ’ ಎಂಬುದಕ್ಕೆ ‘ಬಿಸಿನೀರಿನ ಬುಗ್ಗೆ’ ಎಂಬ ಅನುವಾದ. ಬಾತ್‌ನ ನೀರು ಸುಮಾರು 46 ಡಿಗ್ರಿ ಬಿಸಿಯಿರುವುದರಿಂದ ಈ ಎಡವಟ್ಟು. ಬಕ್ಸ್‌ಟನ್ನಿನದು 28 ಡಿಗ್ರಿಯ ಆಸುಪಾಸು, ಉಗುರುಬೆಚ್ಚಗೆ. ಟನ್‌ಬ್ರಿಜ್ ವೆಲ್ಸ್, ಚೆಲ್ಟನಂ, ಹ್ಯಾರೊಗೇಟ್, ಎಪ್ಸಂ ಎಲ್ಲವೂ ತಣ್ಣೀರು. ಮೂಲ ಸ್ಪಾ ಊರಿನ ಒರತೆಗಳೂ ತಣ್ಣಗಿನವೇ. ಮುಖ್ಯವಾದದ್ದು ನೀರಿನ ಬಿಸಿಯಲ್ಲ, ಅದರಲ್ಲಿ ಕರಗಿದ್ದ ವಸ್ತು: ಟನ್‌ಬ್ರಿಜ್‌ನಲ್ಲಿ ಕಬ್ಬಿಣ, ಹ್ಯಾರೊಗೇಟ್‌ನ ಕೆಲವು ಒರತೆಗಳಲ್ಲಿ ಕೊಳೆತ ಮೊಟ್ಟೆಯ ನಾತ ಹೊಡೆಯುವ ಗಂಧಕ, ಎಪ್ಸಂನಲ್ಲಿ ಹೊಟ್ಟೆ ಸಡಿಲಿಸುವ ಉಪ್ಪು. ಮೆಡಿಕಲ್ ಷಾಪಿನಲ್ಲಿ ಈಗಲೂ ಸಿಗುವ ಎಪ್ಸಂ ಸಾಲ್ಟ್ ಆ ಊರಿನ ಕೊಡುಗೆ.

ಈ ನೀರನ್ನು ಮೊದಲು ಕುಡಿಯಬೇಕು. ಸ್ನಾನ ಆಮೇಲಿನ ಮಾತು, ಎಷ್ಟೋ ಕಡೆ ಸ್ನಾನವೇ ಇರಲಿಲ್ಲ. ಬಾತ್‌ನಲ್ಲಿ 1706ರಲ್ಲಿ ಕಟ್ಟಿದ ಪಂಪ್ ರೂಮ್ ಇದ್ದದ್ದೇ ಅದಕ್ಕೆ: ಬೆಳಗ್ಗೆ ಎದ್ದು ಹೋಗುವುದು, ಒಂದು ಕಡೆ ವಾದ್ಯ ನುಡಿಯುತ್ತಿರುತ್ತದೆ, ಪಂಪಿನವನು ತುಂಬಿಕೊಟ್ಟ ಬೆಚ್ಚಗಿನ ನೀರನ್ನು ಗುಟುಕರಿಸುತ್ತ ಯಾರು ಬಂದಿದ್ದಾರೆ ನೋಡುವುದು. ಸ್ನಾನವೆಂದರೆ ಒರಟು ಬಟ್ಟೆಯ ನಿಲುವಂಗಿ ತೊಟ್ಟು ಗಂಡಸರು ಹೆಂಗಸರು ಒಂದೇ ಕೊಳದಲ್ಲಿ ಕುತ್ತಿಗೆಯವರೆಗೆ ನಿಲ್ಲುವುದು, ಆಮೇಲೆ ಮೇನೆಯಂಥ ಕುರ್ಚಿಯಲ್ಲಿ ಹೊರಿಸಿಕೊಂಡು ಬಿಡಾರಕ್ಕೆ ಮರಳಿ ಹಾಸಿಗೆಯಲ್ಲಿ ಬೆವರುವುದು. ಬಂದವರು ಗೌಟ್ (ಕೀಲು ಊದಿ ನೋಯುವ ರೋಗ), ಪಾರ್ಶ್ವವಾಯು, ಅಜೀರ್ಣದವರು. ಎಲ್ಲವೂ ಬೊಗಳೆಯೆಂದು ನಗುವವರಿಗೆ ಒಂದು ಮಾತು: ಸೀಸದ ವಿಷವೇರಿ ಕೈ ಸೋತ ಬಣ್ಣದ ಕೆಲಸದವರು ಅಲ್ಲಿ ಗುಣವಾಗುತ್ತಿದ್ದರು. ಬೆಚ್ಚಗಿನ ನೀರಿನಲ್ಲಿ ಕುತ್ತಿಗೆಯವರೆಗೆ ಬಹಳ ಹೊತ್ತು ಇದ್ದರೆ ಮೂತ್ರ ಹೆಚ್ಚುತ್ತದೆ, ಅದರೊಡನೆ ಸೀಸವೂ ಹೊರಗೆ ಹೋಗುತ್ತದೆ. ಅಂದಿನ ವೈದ್ಯರಿಗೆ ಕಾರಣ ಗೊತ್ತಿರಲಿಲ್ಲ, ಅಷ್ಟೆ.

ಮಸಾಜ್ ಎಲ್ಲಿ? ಈ ಪಟ್ಟಿಯಲ್ಲಿ ಇಲ್ಲ. ಜಾರ್ಜ್‌ಗಳ ಕಾಲ ಮುಗಿಯುತ್ತ ಬಂದಾಗ ಸಮುದ್ರತೀರದ ಬ್ರೈಟನ್ನಿನಲ್ಲಿ ಆವಿಸ್ನಾನದ ಜೊತೆ ಮೈ ತಿಕ್ಕುವ ಚಿಕಿತ್ಸೆಯನ್ನು ಮನೆಮಾತು ಮಾಡಿದವರು 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್. ನಾಲ್ಕನೇ ಜಾರ್ಜ್ ದೊರೆಯೂ ಅವರ ಗಿರಾಕಿ. ಅವರು ಮಾಡುತ್ತಿದ್ದದ್ದಕ್ಕೆ ಹೆಸರು ‘ಶಾಂಪೂಯಿಂಗ್’, ನಮ್ಮ ‘ಚಂಪಿ’ಯ ಇಂಗ್ಲಿಷ್ ಅವತಾರ. ಹೇರ್ ಸ್ಪಾ ಎಂದು ಬೋರ್ಡು ಹಾಕುವವರು ತಲೆ ತಿಕ್ಕುವ ಕೆಲಸಕ್ಕೆ ಇಲ್ಲಿನದೇ ಹೆಸರು ಬಿಟ್ಟು ಬೆಲ್ಜಿಯಂನಿಂದ ತಂದಿದ್ದಾರೆ.

ಇನ್ನು ‘ಬಾತ್‌ಗೆ ಹೋದರು’ ಎಂಬ ಸುದ್ದಿ. ಹಳೆಯ ಪತ್ರಗಳಲ್ಲಿ ಇದು ಪದೇ ಪದೇ ಬರುತ್ತದೆ, ಇದನ್ನೇ ಸರಿಯಾಗಿ ಓದದವರು ಹೆಚ್ಚು. ಮನೆಯ ಹಿರಿಯನ ಕಾಲ್ಬೆರಳಿಗೆ ಗೌಟ್ ಬಂದರೆ ಹೊರಡುವುದು ಹಿರಿಯನೊಬ್ಬನೇ ಅಲ್ಲ. ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಒಂಟಿ ಅತ್ತೆ ಎಲ್ಲರೂ ಗಾಡಿ ಹತ್ತುತ್ತಾರೆ. ಊರಿಗೆ ಬಂದೊಡನೆ ಅವರಿಗಾಗಿ ಚರ್ಚಿನ ಗಂಟೆ ಬಾರಿಸುತ್ತಾರೆ, ಅದಕ್ಕೆ ಇವರೇ ದುಡ್ಡು ಕೊಡಬೇಕು. ಬಂದವರ ಹೆಸರನ್ನು ಸ್ಥಳೀಯ ಪತ್ರಿಕೆ ಅಚ್ಚು ಹಾಕುತ್ತದೆ. ಸಂಜೆಗಳಲ್ಲಿ ಯಾರು ಯಾರೊಡನೆ ಹೇಗೆ ಕುಣಿಯಬೇಕೆಂಬ ಕಟ್ಟಳೆ ಹಾಕಲು ರಿಚರ್ಡ್ ನ್ಯಾಶ್ ಎಂಬ ಜೂಜುಗಾರ 1761ರಲ್ಲಿ ಸಾಯುವವರೆಗೆ ಅಲ್ಲಿದ್ದ. ಕಾಯಿಲೆ ಒಬ್ಬರದು, ಗಂಡು ಹುಡುಕುವ ಕೆಲಸ ಮನೆಯವರೆಲ್ಲರದು.

ಸುದ್ದಿ ಮನೆಗೆ ಮುಟ್ಟುತ್ತಿದ್ದದ್ದು ಕಾಗದದಲ್ಲಿ. ಅಂಚೆಯ ದರ ದೂರಕ್ಕೂ ಹಾಳೆಗೂ ತಕ್ಕಂತೆ. ಸಾಮಾನ್ಯವಾಗಿ ಹಣ ತೆರುವುದು ಪಡೆದವರು. ಅದಕ್ಕೇ ಒಂದೇ ಹಾಳೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ತುರುಕಿ ಬರೆಯುತ್ತಿದ್ದರು. ಇಂಗ್ಲೆಂಡಿನ ಮೊದಲ ಮೇಲ್ ಕೋಚ್, ಅಂದರೆ ಅಂಚೆ ಹೊರುವ ಕುದುರೆಗಾಡಿ, 1784ರ ಆಗಸ್ಟ್ 2ರಂದು ಓಡಿದ್ದು ಬ್ರಿಸ್ಟಲ್‌ನಿಂದ ಬಾತ್ ಮಾರ್ಗವಾಗಿ ಲಂಡನ್ನಿಗೆ. ಅದನ್ನು ಶುರುಮಾಡಿದ ಜಾನ್ ಪಾಮರ್ ಬಾತ್‌ನ ನಾಟಕಶಾಲೆಯ ಒಡೆಯ.

1799ರ ಬೇಸಿಗೆಯಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಬಾತ್‌ನಿಂದ ಅಕ್ಕನಿಗೆ ಬರೆದ ಕಾಗದಗಳು ಇದಕ್ಕೆ ಒಳ್ಳೆಯ ಮಾದರಿ. ಅಣ್ಣ ಎಡ್ವರ್ಡ್ ನೀರು ಕುಡಿಯುತ್ತಿದ್ದಾನೆ, ನಾಳೆ ಸ್ನಾನ, ಮಂಗಳವಾರ ವಿದ್ಯುತ್ ಚಿಕಿತ್ಸೆ. ಆ ಕೊನೆಯದನ್ನು ವೈದ್ಯರು ಹೇಳಿದ್ದಲ್ಲ, ಅವನೇ ಕೇಳಿದ್ದು; ಅದರಿಂದ ಉಪಯೋಗವಿಲ್ಲ ಎಂಬ ವಿಷಯದಲ್ಲಿ ಮನೆಯವರೆಲ್ಲ ಒಮ್ಮತ. ಅದೇ ತಿಂಗಳು ರೋಗಿ 60 ಗಿನಿ ಕೊಟ್ಟು ಒಂದು ಜೊತೆ ಗಾಡಿ ಕುದುರೆ ಕೊಂಡ ಸುದ್ದಿಯೂ ಬರುತ್ತದೆ. ನೀರಿನ ಊರಿಗೆ ಹೋಗುವುದು ಎಂದರೆ ಹೀಗೆ: ಚಿಕಿತ್ಸೆ, ಬಜಾರು, ನೆಂಟರು, ಕುದುರೆ ವ್ಯಾಪಾರ ಎಲ್ಲ ಒಟ್ಟಿಗೆ. ಎಲ್ಲರೂ ಗುಣವಾಗಿ ಮರಳಲಿಲ್ಲ. ಬಾತ್ ಆಬಿಯ ಗೋಡೆಗಳಲ್ಲಿ 600ಕ್ಕೂ ಹೆಚ್ಚು ಸ್ಮಾರಕ ಫಲಕಗಳಿವೆ. ಮೂರನೇ ಜಾರ್ಜ್ 1788ರ ಬೇಸಿಗೆಯಲ್ಲಿ ಸುಮಾರು ಐದು ವಾರ ಚೆಲ್ಟನಂ ನೀರು ಕುಡಿದ. ಆ ಚಳಿಗಾಲದ ಹೊತ್ತಿಗೆ ಅವನ ಬುದ್ಧಿ ಕೆಟ್ಟಿತ್ತು, ಚೆಲ್ಟನಂ ಮಾತ್ರ ಉದ್ಧಾರವಾಯಿತು.

ಅನುವಾದಕರೇ, ಪಾತ್ರವೊಂದು ಬಾತ್‌ಗೆ ಹೋದರೆ ದಯವಿಟ್ಟು ಸ್ನಾನಕ್ಕೆ ಕಳಿಸಬೇಡಿ, ಊರಿಗೇ ಕಳಿಸಿ. ‘ಸ್ಪಾ’ ಬಂದಲ್ಲಿ ‘ಔಷಧಿ ನೀರಿನ ಊರು’ ಎಂದರೆ ಸಾಕು. ‘ಬಾತ್ ಚೇರ್’ ಎಂದು ಸಿಕ್ಕರೆ ಅದು ಬಚ್ಚಲಮನೆಯ ಸ್ಟೂಲಲ್ಲ. ಗೌಟ್‌ನವರನ್ನು ಕೂರಿಸಿ ಪಂಪ್ ರೂಮಿಗೆ ತಳ್ಳಿಕೊಂಡು ಹೋಗುತ್ತಿದ್ದ ಗಾಲಿಕುರ್ಚಿ.